ಗೂಢಲಿಪಿ ಬಿಡಿಸಲು ಜೊತೆಗೆ ಯಾರಿದ್ದೀರಿ?

ಡೇವಿಡ್ ಒರಾಂಚಾಕ್ ಅಮೆರಿಕದ ವರ್ಜೀನಿಯಾದಲ್ಲಿ ಸಾಫ್ಟ್‌ವೇರ್ ಕೆಲಸದವರು. ಸ್ಯಾಮ್ ಬ್ಲೇಕ್ ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಗಣಿತಜ್ಞ. ಯಾರ್ಲ್ ವಾನ್ ಐಕೆ ಬೆಲ್ಜಿಯಂನಲ್ಲಿ ಗೋದಾಮಿನ ಕೆಲಸ ಮಾಡುತ್ತ, ಬಿಡುವಿನಲ್ಲಿ ಪ್ರೋಗ್ರಾಂ ಬರೆಯುವವರು. ಮೂವರೂ ಮೂರು ಖಂಡದವರು. ಒಂದೇ ಮೇಜಿನ ಸುತ್ತ ಕೂತು ಮಾಡಿದ ಕೆಲಸವಲ್ಲ ಅವರದು. ಆದರೂ 51 ವರ್ಷ ಯಾರಿಗೂ ಬಗ್ಗದೆ ಕೂತಿದ್ದ ಒಂದು ಗೂಢಲಿಪಿಯನ್ನು 2020ರ ಡಿಸೆಂಬರ್‌ನಲ್ಲಿ ಅವರು ಬಿಡಿಸಿದರು.

ಆ ಲಿಪಿ ಝೋಡಿಯಾಕ್ ಎಂದು ತನ್ನನ್ನು ಕರೆದುಕೊಂಡ ಕೊಲೆಗಾರನದು. 1968-69ರಲ್ಲಿ ಕ್ಯಾಲಿಫೋರ್ನಿಯಾದ ಉತ್ತರ ಭಾಗದಲ್ಲಿ ಕನಿಷ್ಠ ಐವರನ್ನು ಕೊಂದವನು, ಪತ್ರಿಕೆಗಳಿಗೆ ಚಿಹ್ನೆಗಳಲ್ಲಿ ಕಾಗದ ಬರೆಯುತ್ತಿದ್ದ. 1969ರ ನವೆಂಬರ್‌ನಲ್ಲಿ ‘ಸ್ಯಾನ್ ಫ್ರಾನ್ಸಿಸ್ಕೋ ಕ್ರಾನಿಕಲ್’ ಪತ್ರಿಕೆಗೆ ಅವನು ಕಳಿಸಿದ ಹಾಳೆಯಲ್ಲಿ 20 ಸಾಲು, ಸಾಲಿಗೆ 17ರಂತೆ ಒಟ್ಟು 340 ಚಿಹ್ನೆಗಳಿದ್ದವು. ಪತ್ರಿಕೆಯಲ್ಲಿ ಅಚ್ಚಾದ ದಿನದಿಂದ ಅದು ಎಲ್ಲರ ಒಗಟಾಯಿತು. ಸರ್ಕಾರದ ತಜ್ಞರು ಸೋತರು, ಹವ್ಯಾಸಿಗಳು ಸೋತರು. ಕೊನೆಗೆ ಬಿಡಿಸಿದವರೂ ಹವ್ಯಾಸಿಗಳೇ. ಅವರು ಅದನ್ನು ಹೇಗೆ ಬಿಡಿಸಿದರು ಎಂಬುದರಲ್ಲಿ, ಸ್ನೇಹಿತರೊಡನೆ ಕೂತು ಇಂಥದೊಂದು ಒಗಟಿಗೆ ಕೈಹಾಕಬೇಕೆನ್ನುವವರಿಗೆ ಬೇಕಾದ ಪಾಠಗಳೆಲ್ಲ ಇವೆ.

ಪದಬಂಧ, ಸುಡೋಕು ಬಿಡಿಸುವ ಹುಚ್ಚು ನಮ್ಮಲ್ಲಿ ಬೇಕಾದಷ್ಟು ಜನಕ್ಕಿದೆ. ಗೂಢಲಿಪಿ ಅದೇ ದಾರಿಯಲ್ಲಿ ಇನ್ನೊಂದು ಊರು. ವ್ಯತ್ಯಾಸ ಒಂದೇ. ಪದಬಂಧಕ್ಕೆ ನಾಳೆಯ ಪತ್ರಿಕೆಯಲ್ಲಿ ಉತ್ತರ ಬರುತ್ತದೆ, ಇಲ್ಲಿ ಕೆಲವಕ್ಕೆ ಉತ್ತರವೇ ಗೊತ್ತಿಲ್ಲ. ಅದಕ್ಕೇ ಜೊತೆ ಬೇಕು. ನಾವು ನಾಲ್ವರು ಕೆಲವು ವರ್ಷಗಳಿಂದ ಭಾನುವಾರ ಸಂಜೆ ಸೇರುತ್ತೇವೆ: ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು, ಹೈಸ್ಕೂಲಿನ ಗಣಿತದ ಮೇಡಂ, ಎಂಜಿನಿಯರಿಂಗ್ ಓದುವ ಹುಡುಗ, ಮತ್ತು ನಾನು. ಜಗತ್ತಿಗೆ ತಿಳಿಯದ ಯಾವುದನ್ನೂ ನಾವು ಬಿಡಿಸಿಲ್ಲ. ಆದರೆ ಗುಂಪಾಗಿ ಕೆಲಸ ಮಾಡುವುದು ಹೇಗೆಂದು ಕಲಿತಿದ್ದೇವೆ. ಅದನ್ನೇ ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಎರಡು ಬೀಗಗಳು

ಹಳೆಯ ಗೂಢಲಿಪಿಗಳೆಲ್ಲ ಎರಡು ಉಪಾಯಗಳ ಮೇಲೆ ನಿಂತಿವೆ. ಒಂದು, ಅಕ್ಷರವನ್ನೇ ಬದಲಿಸುವುದು: ‘ಕ’ ಇದ್ದಲ್ಲಿ ‘ಮ’ ಬರೆಯುವುದು, ಇಲ್ಲವೇ ಒಂದು ಚಿಹ್ನೆ ಹಾಕುವುದು. ಇದು ಆದೇಶ. ಇನ್ನೊಂದು, ಅಕ್ಷರವನ್ನು ಹಾಗೇ ಇಟ್ಟು ಜಾಗ ಬದಲಿಸುವುದು. ಇದು ಸ್ಥಾನಪಲ್ಲಟ.

ಎರಡನೆಯದನ್ನು ಕನ್ನಡದಲ್ಲೇ ಮಾಡಿ ನೋಡೋಣ. ‘ಸಂಜೆ ಕೆರೆ ಏರಿ ಮೇಲೆ ಕಾಯುವೆನು’ ಎಂಬ ಸಂದೇಶದಲ್ಲಿ 12 ಅಕ್ಷರಗಳಿವೆ. ಸಾಲಿಗೆ ನಾಲ್ಕರಂತೆ ಮೂರು ಸಾಲು ಬರೆಯಿರಿ.

ಸಂ ಜೆ ಕೆ ರೆ
ಏ ರಿ ಮೇ ಲೆ
ಕಾ ಯು ವೆ ನು

ಈಗ ಅಡ್ಡಕ್ಕೆ ಓದದೆ ಮೇಲಿನಿಂದ ಕೆಳಕ್ಕೆ ಓದಿ: ಸಂ ಏ ಕಾ ಜೆ ರಿ ಯು ಕೆ ಮೇ ವೆ ರೆ ಲೆ ನು. ಅಕ್ಷರ ಒಂದೂ ಬದಲಾಗಿಲ್ಲ, ಅರ್ಥ ಮಾತ್ರ ಮಾಯ. ಬಿಡಿಸುವವರಿಗೆ ಬೇಕಾದದ್ದು ಒಂದೇ ಅಂಕಿ: ಸಾಲಿಗೆ ಎಷ್ಟು ಮನೆ?

ಕನ್ನಡದಲ್ಲಿ ಲಿಪಿ ಕಟ್ಟುವವರಿಗೆ ಮೊದಲೇ ಎದುರಾಗುವ ಪ್ರಶ್ನೆಯೊಂದಿದೆ. ಯಾವುದನ್ನು ಒಂದು ಅಕ್ಷರವೆಂದು ಎಣಿಸಬೇಕು? ‘ಕ್ಷ’ ಒಂದೋ ಎರಡೋ? ‘ಸಂ’ನಲ್ಲಿರುವ ಸೊನ್ನೆಗೆ ಬೇರೆ ಮನೆ ಕೊಡಬೇಕೋ ಬೇಡವೋ? ಇದನ್ನು ಮೊದಲು ಗೊತ್ತು ಮಾಡಿಕೊಳ್ಳದ ಗುಂಪು ಅರ್ಧ ದಾರಿಯಲ್ಲಿ ಜಗಳಕ್ಕೆ ಬೀಳುತ್ತದೆ. ಕುಮುದೇಂದು ಮುನಿಯ ‘ಸಿರಿಭೂವಲಯ’ದಲ್ಲಿ ಇದಕ್ಕೊಂದು ಉತ್ತರ ಇದೆ. ಅಲ್ಲಿ ಅಕ್ಷರಗಳೇ ಇಲ್ಲ, 1ರಿಂದ 64ರವರೆಗಿನ ಅಂಕಿಗಳು. ಸ್ವರ, ವ್ಯಂಜನಗಳನ್ನು ಬಿಡಿಬಿಡಿ ಧ್ವನಿಗಳಾಗಿ ಎಣಿಸಿ ಒಂದೊಂದಕ್ಕೆ ಒಂದೊಂದು ಅಂಕಿ ಕೊಟ್ಟಿದೆ. 27 ಸಾಲು, 27 ಕಂಬಸಾಲುಗಳ ಚಕ್ರದಲ್ಲಿ 729 ಮನೆ. ಯಾವ ಮನೆಯಿಂದ ಯಾವ ಮನೆಗೆ ಹೋಗಬೇಕೆಂದು ಹೇಳುವುದಕ್ಕೆ ಬಂಧಗಳು. ಗ್ರಂಥದ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೆ ಅಕ್ಷರಕ್ಕೆ ಅಂಕಿ, ಮೇಲೆ ಓಡಾಟದ ದಾರಿ ಎಂಬ ಎರಡು ಬೀಗಗಳೂ ಅಲ್ಲಿ ಒಟ್ಟಿಗೇ ಬಿದ್ದಿವೆ. ಝೋಡಿಯಾಕ್‌ನ 340 ಚಿಹ್ನೆಗಳಲ್ಲೂ ಇದ್ದದ್ದು ಇದೇ ಜೋಡಿ. ಅದಕ್ಕೇ ಅದು ಅಷ್ಟು ವರ್ಷ ಸತಾಯಿಸಿತು.

ಮೊದಲು ನಕಲು, ಆಮೇಲೆ ಬುದ್ಧಿ

ಗುಂಪಿನ ಮೊದಲ ಕೆಲಸ ಯೋಚಿಸುವುದಲ್ಲ, ನಕಲು ಮಾಡುವುದು. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು.

ಲಿಪಿಯ ಮೂಲ ಚಿತ್ರವನ್ನು ಇಬ್ಬರು ಬೇರೆಬೇರೆಯಾಗಿ, ಒಬ್ಬರದನ್ನು ಇನ್ನೊಬ್ಬರು ನೋಡದೆ ಬರೆದುಕೊಳ್ಳಬೇಕು. ಸಾಲಿಗೆ ಸಂಖ್ಯೆ, ಮನೆಗೆ ಸಂಖ್ಯೆ. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ಮನೆ ಮನೆ ತಾಳೆ ನೋಡಬೇಕು. ವ್ಯತ್ಯಾಸ ಕಂಡಲ್ಲಿ ಮೂರನೆಯವರು ಮೂಲ ನೋಡಿ ತೀರ್ಮಾನ ಹೇಳಬೇಕು. ಹಾಗೆ ತಯಾರಾದ ಒಂದೇ ಪ್ರತಿಯನ್ನು ಎಲ್ಲರೂ ಬಳಸಬೇಕು. ನಮ್ಮ ಗುಂಪಿನಲ್ಲಿ ಒಮ್ಮೆ ಒಬ್ಬರು ಮೊಬೈಲ್ ಫೋಟೋ ನೋಡಿ ಬರೆದ ಪ್ರತಿಯನ್ನೇ ನಂಬಿ ಕೂತೆವು. ಏಳನೇ ಸಾಲಿನಲ್ಲಿ ಎರಡು ಅಕ್ಷರ ಬಿಟ್ಟುಹೋಗಿದ್ದವು. ಸ್ಥಾನಪಲ್ಲಟದ ಲಿಪಿಯಲ್ಲಿ ಎರಡು ಅಕ್ಷರ ಬಿಟ್ಟರೆ ಅದರ ನಂತರದ್ದೆಲ್ಲ ಜಾಗ ತಪ್ಪುತ್ತದೆ. ಮೂರು ಭಾನುವಾರ ಹೀಗೆ ಹೋದವು. ಕೀಲಿ ಮೊದಲ ಸಂಜೆಯೇ ಸರಿಯಾಗಿ ಸಿಕ್ಕಿತ್ತು, ನಾವೇ ಅದನ್ನು ತಳ್ಳಿಹಾಕಿದ್ದೆವು.

ದೊಡ್ಡ ಒಗಟುಗಳಲ್ಲೂ ಇದು ನಡೆದಿದೆ. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಕೇಂದ್ರ ಕಚೇರಿಯ ಅಂಗಳದಲ್ಲಿ ಶಿಲ್ಪಿ ಜಿಮ್ ಸ್ಯಾನ್‌ಬಾರ್ನ್ 1990ರಲ್ಲಿ ನಿಲ್ಲಿಸಿದ ‘ಕ್ರಿಪ್ಟೋಸ್’ ಎಂಬ ತಾಮ್ರದ ಶಿಲ್ಪವಿದೆ. ಹಾಳೆಯಂತೆ ಬಾಗಿದ ತಾಮ್ರದ ಫಲಕದಲ್ಲಿ ಕೊರೆದ ಅಕ್ಷರಗಳು, ನಾಲ್ಕು ಭಾಗಗಳಲ್ಲಿ ಗೂಢಲಿಪಿ. ಮೊದಲ ಮೂರು ಭಾಗ ಬಿಡಿಸಿದ್ದನ್ನು 1999ರಲ್ಲಿ ಜೇಮ್ಸ್ ಗಿಲೋಗ್ಲಿ ಎಂಬ ಕಂಪ್ಯೂಟರ್ ವಿಜ್ಞಾನಿ ಬಹಿರಂಗವಾಗಿ ತಿಳಿಸಿದರು. ಎರಡನೇ ಭಾಗದ ಕೊನೆಯನ್ನು ಎಲ್ಲರೂ ‘ಐಡಿ ಬೈ ರೋಸ್’ ಎಂದು ಓದಿ, ಅದರ ಗುಟ್ಟೇನೆಂದು ವರ್ಷಗಟ್ಟಲೆ ತಲೆ ಕೆಡಿಸಿಕೊಂಡರು. 2006ರಲ್ಲಿ ಶಿಲ್ಪಿಯೇ ಹೇಳಿದರು: ಫಲಕದಲ್ಲಿ ಒಂದು ಅಕ್ಷರ ಬಿಟ್ಟುಹೋಗಿದೆ, ಅಲ್ಲಿರಬೇಕಾದದ್ದು ‘ಲೇಯರ್ ಟೂ’, ಅಂದರೆ ಎರಡನೇ ಪದರ. ಒಂದೇ ಅಕ್ಷರ ಬಿಟ್ಟುಹೋದದ್ದಕ್ಕೆ ಇಷ್ಟು. ಒಗಟು ಕಟ್ಟಿದವರೂ ತಪ್ಪು ಮಾಡುತ್ತಾರೆಂಬುದನ್ನು ನೆನಪಿಡಿ. ತಪ್ಪು ನಮ್ಮ ಪ್ರತಿಯದೋ ಮೂಲದ್ದೋ ಎಂದು ಹೇಳಬೇಕಾದರೆ ನಮ್ಮ ಪ್ರತಿ ಶುದ್ಧವಾಗಿರಬೇಕು.

ಎಣಿಸುವವರು, ಊಹಿಸುವವರು, ತಪ್ಪು ಹಿಡಿಯುವವರು

ನಾಲ್ವರೂ ಒಂದೇ ಕೆಲಸ ಮಾಡಿದರೆ ನಾಲ್ಕು ಜನ ಇದ್ದೂ ಒಬ್ಬರಿದ್ದಂತೆ. ಅವರವರ ಕೈಗುಣಕ್ಕೆ ತಕ್ಕ ಕೆಲಸ ಹಂಚಿಕೊಳ್ಳಿ.

ಎಣಿಕೆ ಗಣಿತ ಇಷ್ಟಪಡುವವರ ಪಾಲಿಗಿರಲಿ. ಯಾವ ಚಿಹ್ನೆ ಎಷ್ಟು ಸಲ ಬಂದಿದೆ, ಯಾವ ಎರಡು ಚಿಹ್ನೆ ಜೋಡಿಯಾಗಿ ಮತ್ತೆ ಮತ್ತೆ ಬರುತ್ತವೆ ಎಂಬ ಪಟ್ಟಿ ಮಾಡಬೇಕು. ಇಂಗ್ಲಿಷ್ ಬರಹದಲ್ಲಿ ನೂರು ಅಕ್ಷರಕ್ಕೆ ಸುಮಾರು 12-13 ಸಲ ‘ಇ’, 9 ಸಲ ‘ಟಿ’ ಬರುತ್ತವೆ. ಒಂದಕ್ಕೊಂದು ಬದಲಿ ಹಾಕಿದ ಸರಳ ಲಿಪಿಯಾದರೆ ಆ ಎತ್ತರ ತಗ್ಗು ಹಾಗೇ ಉಳಿಯುತ್ತದೆ, ಹೆಸರು ಮಾತ್ರ ಬೇರೆ. ಇನ್ನೊಂದು ಅಳತೆ ವಿಲಿಯಂ ಫ್ರೀಡ್‌ಮನ್ 1920ರ ದಶಕದಲ್ಲಿ ಕೊಟ್ಟದ್ದು, ಇಂಡೆಕ್ಸ್ ಆಫ್ ಕೋಇನ್ಸಿಡೆನ್ಸ್. ಹೆಸರು ಉದ್ದ, ಲೆಕ್ಕ ಸುಲಭ. ಬರಹದಿಂದ ಕಣ್ಣು ಮುಚ್ಚಿ ಎರಡು ಅಕ್ಷರ ಎತ್ತಿದರೆ ಎರಡೂ ಒಂದೇ ಆಗಿರುವ ಸಾಧ್ಯತೆ ಎಷ್ಟು? ಸಹಜ ಇಂಗ್ಲಿಷಿನಲ್ಲಿ ನೂರಕ್ಕೆ 6.7ರ ಆಸುಪಾಸು. 26 ಅಕ್ಷರವನ್ನೂ ಸಮನಾಗಿ ಚೆಲ್ಲಿದ್ದರೆ 3.8. ನಿಮ್ಮ ಲಿಪಿಯಲ್ಲಿ 6.5 ಬಂದರೆ ಸರಳ ಆದೇಶ ಇಲ್ಲವೇ ಬರೀ ಸ್ಥಾನಪಲ್ಲಟ ಎಂದು ತಿಳಿಯಬಹುದು. 4ರ ಹತ್ತಿರ ಬಂದರೆ ಒಂದಕ್ಕಿಂತ ಹೆಚ್ಚು ಅಕ್ಷರಮಾಲೆ ಬಳಸಿದ್ದಾರೆಂದು ಅನುಮಾನಿಸಬೇಕು. ಬೀಗ ಮುಟ್ಟುವ ಮೊದಲೇ ಅದು ಯಾವ ಜಾತಿಯದೆಂದು ಈ ಒಂದು ಅಂಕಿ ಹೇಳುತ್ತದೆ.

ಊಹೆಯದು ಬೇರೆಯೇ ಬುದ್ಧಿ. ಬರೆದವನು ಎಂಥವನು, ಏನು ಬರೆದಿರಬಹುದು, ಹೇಗೆ ಶುರು ಮಾಡಿರಬಹುದು ಎಂದು ಯೋಚಿಸುವವರು ಬೇಕು. 1969ರ ಬೇಸಿಗೆಯಲ್ಲಿ ಝೋಡಿಯಾಕ್‌ನ ಮೊದಲ ಲಿಪಿ, 408 ಚಿಹ್ನೆಯದು, ಮೂರು ತುಂಡಾಗಿ ಮೂರು ಪತ್ರಿಕೆಗಳಲ್ಲಿ ಅಚ್ಚಾಯಿತು. ಸಲೀನಾಸ್ ಎಂಬ ಊರಿನ ಶಾಲಾ ಶಿಕ್ಷಕ ಡೊನಾಲ್ಡ್ ಹಾರ್ಡನ್, ಅವರ ಪತ್ನಿ ಬೆಟ್ಟಿ ಸೇರಿ ಸುಮಾರು ಒಂದು ವಾರದೊಳಗೆ ಅದನ್ನು ಬಿಡಿಸಿದರು. ಡೊನಾಲ್ಡ್ ಕ್ರಮದಿಂದ ಎಣಿಸುತ್ತ ಹೋದರೆ, ಬೆಟ್ಟಿಯವರು ಮನುಷ್ಯನನ್ನು ಓದಿದರು. ಇಷ್ಟು ಅಹಂಕಾರಿ ‘ನಾನು’ ಎಂಬ ಪದದಿಂದಲೇ ಶುರು ಮಾಡುತ್ತಾನೆ, ‘ಕೊಲ್ಲು’ ಎಂಬ ಪದ ಬರದೆ ಇರುವುದಿಲ್ಲ ಎಂದರು. ಇಂಗ್ಲಿಷಿನ ಆ ಪದದ ಕೊನೆಯಲ್ಲಿ ‘ಎಲ್’ ಜೋಡಿಯಾಗಿ ಬರುತ್ತದೆ. ಜೋಡಿ ಚಿಹ್ನೆ ಹುಡುಕುತ್ತ ಹೋದರು, ಬಾಗಿಲು ತೆರೆಯಿತು. ಎಣಿಕೆಯೊಂದೇ ಇದ್ದರೆ ಅದು ಅಷ್ಟು ಬೇಗ ಆಗುತ್ತಿರಲಿಲ್ಲ ಎಂದು ನನ್ನ ನಂಬಿಕೆ. ಬರೆದವನು ಒಂದು ಅಕ್ಷರಕ್ಕೆ ಹಲವು ಚಿಹ್ನೆ ಬಳಸಿ ಎಣಿಕೆಯನ್ನು ಮಟ್ಟಸ ಮಾಡಿಟ್ಟಿದ್ದ.

ತಪ್ಪು ಹಿಡಿಯುವವರ ಕೆಲಸ ಎಲ್ಲಕ್ಕಿಂತ ಕಷ್ಟ. ಗೆಳೆಯರು ಖುಷಿಯಿಂದ ‘ಸಿಕ್ಕಿತು!’ ಎಂದು ಕೂಗಿದಾಗ, ‘ಇನ್ನೊಮ್ಮೆ ತೋರಿಸಿ’ ಎನ್ನಬೇಕಾದವರು ಅವರು. ಈ ಕೆಲಸ ಪ್ರತಿ ವಾರ ಬೇರೆಯವರಿಗೆ ಹೋಗಲಿ. ಒಬ್ಬರೇ ಮಾಡಿದರೆ ಅವರ ಮೇಲೆ ಉಳಿದವರಿಗೆ ಬೇಸರ ಬೆಳೆಯುತ್ತದೆ.

ಬೇರೆಬೇರೆ ಬುದ್ಧಿ ಕೂಡಿದಾಗ ಏನಾಗುತ್ತದೆ ಎಂಬುದಕ್ಕೆ 2023ರ ಸುದ್ದಿಯೊಂದನ್ನು ಹೇಳಲೇಬೇಕು. ಜಾರ್ಜ್ ಲಾಸ್ರಿ ಕಂಪ್ಯೂಟರ್ ವಿಜ್ಞಾನಿ, ನಾರ್ಬರ್ಟ್ ಬಿಯರ್ಮನ್ ಪಿಯಾನೋ ವಾದಕ, ಸಂಗೀತದ ಪ್ರಾಧ್ಯಾಪಕ, ಸತೋಶಿ ತೊಮೊಕಿಯೊ ಭೌತವಿಜ್ಞಾನ ಓದಿದ ಪೇಟೆಂಟ್ ತಜ್ಞ. ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಯಾರದೆಂದೇ ತಿಳಿಯದೆ ಬಿದ್ದಿದ್ದ ಚಿಹ್ನೆಗಳ ಕಾಗದಗಳನ್ನು ಇವರು ಕೈಗೆತ್ತಿಕೊಂಡರು. ಪಟ್ಟಿಯಲ್ಲಿ ಅವು ಇಟಲಿಗೆ ಸಂಬಂಧಿಸಿದವೆಂದು ಬರೆದಿತ್ತು. ಇಟಾಲಿಯನ್ ಎಂದು ಹಿಡಿದು ಹೊರಟರೆ ಏನೂ ಹೊರಡಲಿಲ್ಲ. ಫ್ರೆಂಚ್ ಎಂದು ಹಿಡಿದಾಗ ಪದಗಳು ಮೇಲೆದ್ದವು. ಬರೆದವರು ಹೆಣ್ಣು ಎಂದು ವ್ಯಾಕರಣವೇ ಹೇಳಿತು. ಸೆರೆಯ ಮಾತು, ಮಗನ ಮಾತು, ಕೊನೆಗೆ ಇಂಗ್ಲೆಂಡಿನ ಗೂಢಚಾರ ಮುಖ್ಯಸ್ಥ ವಾಲ್ಸಿಂಗ್‌ಹ್ಯಾಮ್‌ನ ಹೆಸರು. ಅವು ಸ್ಕಾಟ್ಲೆಂಡಿನ ರಾಣಿ ಮೇರಿ ಸೆರೆಯಲ್ಲಿದ್ದು 1578ರಿಂದ 1584ರ ನಡುವೆ ಬರೆದ 57 ಪತ್ರಗಳು. ಅವುಗಳಲ್ಲಿ ಸುಮಾರು 50 ಅದುವರೆಗೆ ಇತಿಹಾಸಕಾರರಿಗೆ ಗೊತ್ತೇ ಇರಲಿಲ್ಲ. ಪಟ್ಟಿಯಲ್ಲಿ ಬರೆದಿದೆ ಎಂಬ ಒಂದೇ ಕಾರಣಕ್ಕೆ ಆ ಮಾತಿಗೆ ಜೋತುಬಿದ್ದಿದ್ದರೆ ಆ ರಾಣಿಯ ದನಿ ಇನ್ನೂ ಅಲ್ಲೇ ಮಲಗಿರುತ್ತಿತ್ತು.

ಸೋತದ್ದರ ಲೆಕ್ಕ ಇಡಿ

ನನ್ನನ್ನು ಕೇಳಿದರೆ, ಗುಂಪಿನ ಆಸ್ತಿ ಜಾಣತನವಲ್ಲ, ಸೋಲಿನ ಪುಸ್ತಕ. ಯಾವ ದಿನ, ಯಾರು, ಯಾವ ಊಹೆ ಹಿಡಿದು, ಯಾವ ಮಿತಿಯವರೆಗೆ ಪ್ರಯತ್ನಿಸಿದರು, ಏಕೆ ಬಿಟ್ಟರು ಎಂದು ನಾಲ್ಕು ಸಾಲಿನಲ್ಲಿ ಬರೆದಿಡಬೇಕು. ನೋಟ್‌ಬುಕ್ ಆದರೂ ಸರಿ, ಎಲ್ಲರಿಗೂ ಕಾಣುವ ಗೂಗಲ್ ಶೀಟ್ ಆದರೂ ಸರಿ. ‘ಸ್ಥಾನಪಲ್ಲಟ ನೋಡಿದೆ, ಆಗಲಿಲ್ಲ’ ಎಂದು ಬರೆದರೆ ಅದು ಟಿಪ್ಪಣಿಯಲ್ಲ. ‘ಸಾಲಿಗೆ 2ರಿಂದ 12 ಮನೆಯವರೆಗೆ, ಮೇಲಿನಿಂದ ಕೆಳಕ್ಕೆ ಮಾತ್ರ ನೋಡಿದೆ’ ಎಂದು ಬರೆದರೆ ಮುಂದಿನವರು 13ರಿಂದ ಶುರು ಮಾಡಬಹುದು.

340 ಚಿಹ್ನೆಗಳ ಕಥೆಯ ತಿರುಳು ಇಲ್ಲೇ ಇದೆ. ಅದರಲ್ಲಿ 63 ಬಗೆಯ ಚಿಹ್ನೆಗಳಿವೆ. ಚಿಹ್ನೆ ಬದಲಿಸಿದ್ದಷ್ಟೇ ಆಗಿದ್ದರೆ ಈಗಿನ ಪ್ರೋಗ್ರಾಂಗಳು ಕ್ಷಣದಲ್ಲಿ ಬಿಡಿಸುತ್ತಿದ್ದವು. ಬಿಡಿಸಲಾಗಲಿಲ್ಲ ಎಂಬುದೇ ಒಂದು ಸುಳಿವಾಯಿತು: ಜಾಗವೂ ಬದಲಾಗಿದೆ. ಸಾಲು ಸಾಲಾಗಿ ಓದುವ ಬದಲು ಪ್ರತಿ 19ನೇ ಮನೆಯನ್ನು ಹಿಡಿದು ಓದಿದರೆ ಒಂದೇ ಜೋಡಿ ಚಿಹ್ನೆಗಳು ಮತ್ತೆ ಮತ್ತೆ ಬರುವುದು ಹೆಚ್ಚಾಗುತ್ತದೆ ಎಂದು ಆಸಕ್ತರು ಅದಕ್ಕೂ ಹಿಂದೆಯೇ ಕಂಡಿದ್ದರು, ಬರೆದೂ ಇಟ್ಟಿದ್ದರು. ಆದರೆ 19 ಏಕೆ?

ಹಾಳೆಯ ಸಾಲಿಗೆ 17 ಮನೆ. 17 ಮನೆ ದಾಟಿದರೆ ನೇರ ಕೆಳಗಿನ ಮನೆ. ಇನ್ನೆರಡು ದಾಟಿದರೆ ಅದರ ಬಲಕ್ಕೆ ಎರಡನೆಯದು. ಒಂದು ಮನೆ ಕೆಳಗೆ, ಎರಡು ಮನೆ ಪಕ್ಕಕ್ಕೆ: ಚದುರಂಗದ ಕುದುರೆ ನಡೆ! ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದ ಮಣೆಯ ಮೇಲೆ ಕುದುರೆಯನ್ನು ಓಡಿಸಿ ಅಂಕಿಗಳ ಚಕ್ರಗಳನ್ನೇ ಕಟ್ಟಿದವರು. ಆ ನಡೆ ಕನ್ನಡಿಗರಿಗೆ ಹೊಸದಲ್ಲ. ಕೊಲೆಗಾರ ತನ್ನ ಹಾಳೆಯನ್ನು ಮೂರು ತುಂಡು ಮಾಡಿದ್ದ: ಮೊದಲ 9 ಸಾಲು, ಮುಂದಿನ 9 ಸಾಲು, ಕೊನೆಯ 2 ಸಾಲು. ಮೊದಲ ತುಂಡಿನ ಎಡ ಮೂಲೆಯಿಂದ ಕುದುರೆಯನ್ನು ಬಿಟ್ಟರೆ ಒಂಬತ್ತನೇ ಮನೆಗೆ ಸರಿಯಾಗಿ ಕೆಳಗಿನ ಬಲ ಮೂಲೆ ಮುಟ್ಟುತ್ತದೆ.

ಇದನ್ನು ಅವರು ಮೊದಲೇ ಕಂಡು ಹೊರಟದ್ದಲ್ಲ. ಸ್ಯಾಮ್ ಬ್ಲೇಕ್ ಹಾಳೆಯನ್ನು ಓದಬಹುದಾದ ಸುಮಾರು 6,50,000 ದಾರಿಗಳನ್ನು ಲೆಕ್ಕದಿಂದ ತಯಾರಿಸಿದರು. ವಾನ್ ಐಕೆ ಬರೆದಿದ್ದ ‘ಎಜೆಡ್‌ಡಿಕ್ರಿಪ್ಟ್’ ಪ್ರೋಗ್ರಾಂ ಒಂದೊಂದನ್ನೂ ಬಿಡಿಸಲು ನೋಡಿತು. ಬಂದ ಫಲಿತಾಂಶಗಳ ರಾಶಿಯಲ್ಲಿ ಒಂದರೊಳಗೆ, ಅರ್ಥವಿಲ್ಲದ ಅಕ್ಷರಗಳ ನಡುವೆ, ತನ್ನನ್ನು ಹಿಡಿಯಲು ಪ್ರಯತ್ನಿಸುತ್ತಿರುವ ಮಾತು, ಗ್ಯಾಸ್ ಚೇಂಬರಿನ ಮಾತು ಒರಾಂಚಾಕ್ ಕಣ್ಣಿಗೆ ಬಿದ್ದವು. 2006ರಿಂದ ಅವರು ಇದರ ಹಿಂದೆ ಬಿದ್ದಿದ್ದರು. ಆ ಪದಗಳನ್ನು ಅಲ್ಲೇ ಬಿಗಿಮಾಡಿ, ಉಳಿದದ್ದನ್ನು ಮತ್ತೆ ಓಡಿಸಿದರು. ಮೊದಲ ತುಂಡು ಸ್ಪಷ್ಟವಾಯಿತು. ಎರಡನೇ ತುಂಡಿನಲ್ಲಿ ಬರೆದವನೇ ಮನೆ ತಪ್ಪಿದ್ದ, ಅದನ್ನು ಕೈಯಿಂದ ಸರಿಮಾಡಬೇಕಾಯಿತು. ಟೀವಿ ಕಾರ್ಯಕ್ರಮದಲ್ಲಿ ಮಾತಾಡಿದ್ದು ತಾನಲ್ಲ ಎಂದು ಅವನು ಬರೆದಿದ್ದ. ಈ ಕಾಗದ ಬರುವುದಕ್ಕೆ ಕೆಲವೇ ವಾರ ಮೊದಲು, 1969ರ ಅಕ್ಟೋಬರ್‌ನಲ್ಲಿ, ಝೋಡಿಯಾಕ್ ಎಂದು ಹೇಳಿಕೊಂಡ ಒಬ್ಬ ಟೀವಿ ಕಾರ್ಯಕ್ರಮಕ್ಕೆ ಫೋನ್ ಮಾಡಿದ್ದ. ತಾರೀಖು ಕೂಡಿಬಂತು.

ಒಬ್ಬರ ಹತ್ತಿರ ಹಠ, ಒಬ್ಬರ ಹತ್ತಿರ ಗಣಿತ, ಒಬ್ಬರ ಹತ್ತಿರ ಯಂತ್ರ. ಅದರ ಹಿಂದೆ, ಹೆಸರೂ ತಿಳಿಯದ ಎಷ್ಟೋ ಜನ ಬರೆದಿಟ್ಟ ಸೋಲುಗಳು. 6,50,000 ದಾರಿಗಳಲ್ಲಿ ಉಪಯೋಗಕ್ಕೆ ಬಂದದ್ದು ಒಂದು. ಉಳಿದವನ್ನು ವ್ಯರ್ಥ ಎನ್ನಲು ನನಗೆ ಮನಸ್ಸಿಲ್ಲ.

ಬಿಟ್ಟಿತು ಎಂದು ಯಾವಾಗ ಹೇಳಬೇಕು?

ಈ ಹವ್ಯಾಸದ ದೊಡ್ಡ ಕಾಯಿಲೆ ಹುಸಿ ಉತ್ತರ. ಒಂದೆರಡು ಪದ ಅಕಸ್ಮಾತ್ತಾಗಿ ಕೂಡಿಬಂದರೆ ಮನಸ್ಸು ಉಳಿದದ್ದನ್ನು ಎಳೆದು ತಂದು ಕೂರಿಸುತ್ತದೆ. ಇಲ್ಲಿ ಒಂದು ಅಕ್ಷರ ಬಿಡೋಣ, ಅಲ್ಲಿ ತಿರುಗಿಸಿ ಓದೋಣ, ಈ ಪದದ ಕಾಗುಣಿತ ತಪ್ಪೆನ್ನೋಣ. ಹಾಗೆ ಮಾಡಿದರೆ ಯಾವ ಲಿಪಿಯಿಂದ ಯಾವ ಹೆಸರನ್ನಾದರೂ ಹೊರಡಿಸಬಹುದು.

ಪರೀಕ್ಷೆ ಸರಳ. ಉತ್ತರವನ್ನು ಹೇಳದೆ, ನಿಯಮವನ್ನಷ್ಟೇ ಒಂದು ಹಾಳೆಯಲ್ಲಿ ಬರೆದು, ಗುಂಪಿನ ಹೊರಗಿನ ಒಬ್ಬರ ಕೈಗೆ ಲಿಪಿಯ ಜೊತೆ ಕೊಡಿ. ಅವರಿಗೂ ಅದೇ ಸಂದೇಶ ಬಂದರೆ ಅದು ಉತ್ತರ. ‘ಇಲ್ಲಿ ಏನು ಮಾಡಲಿ?’ ಎಂದು ಅವರು ಮೂರು ಸಲ ಕೇಳಿದರೆ ನಿಮ್ಮ ನಿಯಮದಲ್ಲಿ ನಿಮ್ಮ ಆಸೆ ಸೇರಿಕೊಂಡಿದೆ. ನಿಯಮಕ್ಕೆ ಅಪವಾದ ಬೇಕಾದಲ್ಲಿ, 340ರ ಎರಡನೇ ತುಂಡಿನಲ್ಲಾದಂತೆ, ಆ ಒಂದು ತಪ್ಪು ಸರಿಮಾಡಿದ ಕೂಡಲೇ ಮುಂದಿನ ಸಾಲುಗಳೆಲ್ಲ ತಾವಾಗಿಯೇ ಓದಿಸಿಕೊಳ್ಳಬೇಕು.

ಉದ್ದವನ್ನೂ ನೋಡಿ. ಕ್ಲಾಡ್ ಶಾನನ್ 1949ರಲ್ಲಿ ತೋರಿಸಿದ ಲೆಕ್ಕದ ಪ್ರಕಾರ, ಇಂಗ್ಲಿಷಿನ ಸರಳ ಆದೇಶ ಲಿಪಿಗೆ ಒಂದೇ ಒಂದು ಉತ್ತರವೆಂದು ಹೇಳಲು ಸುಮಾರು 28 ಅಕ್ಷರವಾದರೂ ಬೇಕು. ಝೋಡಿಯಾಕ್ ತನ್ನ ಹೆಸರೆಂದು ಬರೆದು ಕಳಿಸಿದ ಇನ್ನೊಂದು ಲಿಪಿಯಲ್ಲಿರುವುದು 13 ಚಿಹ್ನೆ. ಅದರಲ್ಲಿ ಹೊಂದಿಸಬಹುದಾದ ಹೆಸರುಗಳಿಗೆ ಲೆಕ್ಕವಿಲ್ಲ, ಹೊಂದಿಸಿದವರಿಗೂ ಲೆಕ್ಕವಿಲ್ಲ. ನಿಮಗೆ ಸಿಕ್ಕ ‘ಉತ್ತರ’ದಲ್ಲಿ ನಿಜವಾದ ವ್ಯಕ್ತಿಯ ಹೆಸರಿದ್ದರೆ ದಯವಿಟ್ಟು ಯಾರಿಗೂ ಹೇಳಬೇಡಿ. ಒಗಟು ನಮಗೆ ಆಟ, ಹೆಸರು ಅವರ ಬದುಕು. 340ರ ಮೂವರು ಸುದ್ದಿ ಹೊರಗೆ ಬಿಡುವ ಮೊದಲು ಎಫ್‌ಬಿಐಗೆ ಕಳಿಸಿದರು. ಅದು ಒಪ್ಪಿದ ಮೇಲೆಯೇ ಜಗತ್ತಿಗೆ ಹೇಳಿದರು. ಸಂದೇಶದಲ್ಲಿ ಕೊಲೆಗಾರನ ಹೆಸರಿರಲಿಲ್ಲ. ಸತ್ತವರ ಮನೆಯವರು ಇನ್ನೂ ಇದ್ದಾರೆಂಬುದನ್ನು ಮರೆತು ಅವರು ಸಂಭ್ರಮಿಸಲೂ ಇಲ್ಲ. ಇದು ನನಗೆ ಬಹಳ ಹಿಡಿಸಿದ ನಡತೆ.

ಉತ್ತರ ತಿಳಿಯುವುದು ಬೇರೆ, ಬಿಡಿಸುವುದು ಬೇರೆ. ಕ್ರಿಪ್ಟೋಸ್‌ನ ನಾಲ್ಕನೇ ಭಾಗದಲ್ಲಿ 97 ಅಕ್ಷರಗಳಿವೆ. ಶಿಲ್ಪಿ ಒಂದೊಂದಾಗಿ ಸುಳಿವು ಕೊಟ್ಟರು: 2010ರಲ್ಲಿ ‘ಬರ್ಲಿನ್’, 2014ರಲ್ಲಿ ‘ಕ್ಲಾಕ್’, 2020ರಲ್ಲಿ ದಿಕ್ಕು ಹೇಳುವ ಪದಗಳು. 2025ರಲ್ಲಿ ಇಬ್ಬರು ಬರಹಗಾರರಿಗೆ ಶಿಲ್ಪಿಯೇ ದಾಖಲೆ ಸಂಗ್ರಹಕ್ಕೆ ಕೊಟ್ಟಿದ್ದ ಕಾಗದಗಳ ನಡುವೆ ಮೂಲ ಸಂದೇಶ ಸಿಕ್ಕಿತು. ಅವರು ಅದನ್ನು ಪ್ರಕಟಿಸಲಿಲ್ಲ, ಕೀಲಿಯಿಂದ ಬಿಡಿಸಿದೆವೆಂದು ಹೇಳಿಕೊಳ್ಳಲೂ ಇಲ್ಲ.

ಎಲ್ಲಿಂದ ಶುರು?

ಉತ್ತರ ಗೊತ್ತಿರುವುದರಿಂದ ಶುರು ಮಾಡಿ. ಕ್ರಿಪ್ಟೋಸ್‌ನ ಮೊದಲ ಮೂರು ಭಾಗಗಳನ್ನು ಉತ್ತರ ಮುಚ್ಚಿಟ್ಟು ನೀವೇ ಬಿಡಿಸಿ. ಝೋಡಿಯಾಕ್‌ನ 408ನ್ನು ಪೆನ್ಸಿಲ್ಲಿನಲ್ಲೇ ಬಿಡಿಸಿ. ಸೈಮನ್ ಸಿಂಗ್ 1999ರಲ್ಲಿ ‘ದಿ ಕೋಡ್ ಬುಕ್’ ಪುಸ್ತಕದ ಕೊನೆಯಲ್ಲಿ ಹತ್ತು ಹಂತದ ಸವಾಲು ಇಟ್ಟು 10,000 ಪೌಂಡ್ ಬಹುಮಾನ ಸಾರಿದ್ದರು. ಸ್ವೀಡನ್ನಿನ ಐವರು ಗೆಳೆಯರು 2000ದ ಅಕ್ಟೋಬರ್‌ನಲ್ಲಿ ಹತ್ತೂ ಮುಗಿಸಿದರು. ಬಹುಮಾನ ಹೋಯಿತು, ಹಂತಗಳು ಅಲ್ಲೇ ಇವೆ. ಮೊದಲನೆಯದು ಮಕ್ಕಳೂ ಬಿಡಿಸುವಂಥದ್ದು, ಕೊನೆಯದಕ್ಕೆ 155 ಅಂಕಿಯ ಸಂಖ್ಯೆಯೊಂದನ್ನು ಅಪವರ್ತನ ಮಾಡಬೇಕು. ಐದನೆಯದರವರೆಗೆ ಬಂದರೆ ನಿಮ್ಮ ಗುಂಪು ಗಟ್ಟಿ ಎಂದು ತಿಳಿಯಿರಿ.

ಸಲಕರಣೆಗೆ ಖರ್ಚಿಲ್ಲ. ಚೌಕುಳಿ ಹಾಳೆ, ಪೆನ್ಸಿಲ್, ರಬ್ಬರು. ಕಂಪ್ಯೂಟರ್ ಇದ್ದರೆ ಜರ್ಮನಿಯಲ್ಲಿ ಕಲಿಕೆಗೆಂದೇ ಮಾಡಿದ ‘ಕ್ರಿಪ್‌ಟೂಲ್’ ಉಚಿತ, ಎಜೆಡ್‌ಡಿಕ್ರಿಪ್ಟ್ ಕೂಡ ಉಚಿತ. ಆದರೆ ಮೊದಲ ಎರಡು ತಿಂಗಳು ಕೈಯಲ್ಲೇ ಮಾಡಿ ಎಂದು ನನ್ನ ಒತ್ತಾಯ. ಕೈಯಿಂದ ಎಣಿಸಿದವರಿಗೆ ಪ್ರೋಗ್ರಾಂ ಕೊಟ್ಟ ಫಲಿತಾಂಶದಲ್ಲಿ ಒಂದು ಪದ ಮಿನುಗಿದರೂ ಕಾಣುತ್ತದೆ. ನಡೆಯುತ್ತಿರುವ ಸ್ಪರ್ಧೆಯಾದರೆ ಮುಗಿಯುವವರೆಗೆ ಉತ್ತರ ಹೊರಗೆ ಬಿಡಬೇಡಿ. ಬೇರೆಯವರ ಪಾಸ್‌ವರ್ಡ್, ಫೋನು, ಕಂಪ್ಯೂಟರ್‌ಗಳನ್ನು ‘ಅಭ್ಯಾಸಕ್ಕೆ’ ಮುಟ್ಟುವುದು ಈ ಹವ್ಯಾಸದ ಭಾಗವಲ್ಲ. ಅದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಅಪರಾಧ. ಮತ್ತೆ, ಗುಂಪಿಗೆ ಹೆಸರು ಬಂದರೆ ಯಾರ ಹೆಸರು ಮೊದಲು ಎಂಬುದನ್ನು ಕೆಲಸ ಶುರುವಾಗುವ ಮೊದಲೇ ಮಾತಾಡಿಕೊಳ್ಳಿ.

ಇಲ್ಲಿ 28 ಮನೆಗಳ ಒಂದು ಸಂದೇಶ ಇಡುತ್ತಿದ್ದೇನೆ. ಒಂದೊಂದು ಮನೆಯಲ್ಲಿ ಒಂದೊಂದು ಕನ್ನಡ ಅಕ್ಷರ, ಒತ್ತಕ್ಷರ ಸೊನ್ನೆ ಸಮೇತ. ಅಕ್ಷರ ಬದಲಿಸಿಲ್ಲ, ಜಾಗ ಮಾತ್ರ ಬದಲಿಸಿದೆ.

ಮುಂ ನು ಲ್ಕು ಚೌ ಳೆ ಕೊಂ ನೆ
ಡು ಗೆ ದಿ ವಾ ಗಂ ಕು ಹಿ
ಳಿ ಡಿ ನ ಬ ನ ರ ಟೆ
ನಾ ಗೆ ಹಾ ದು ಮ್ಮ ನ್ನಿ ಭಾ

ಎಡ ಮೇಲಿನ ಮನೆಯಲ್ಲಿ ಕುದುರೆ ನಿಂತಿದೆ. ಒಂದು ಕೆಳಗೆ, ಎರಡು ಬಲಕ್ಕೆ. ಬಲ ಅಂಚು ದಾಟಿದರೆ ಅದೇ ಸಾಲಿನ ಎಡದಿಂದ ಎಣಿಕೆ ಮುಂದುವರಿಸಿ. ಕೊನೆಯ ಸಾಲು ಮುಟ್ಟಿದ ಮೇಲೆ ಮೊದಲ ಸಾಲಿನ ಮುಂದಿನ ಮನೆಯಿಂದ ಮತ್ತೆ ಹೊರಡಿ. ಪಕ್ಕದಲ್ಲಿರುವವರನ್ನೂ ಕರೆದು ಕೂರಿಸಿಕೊಳ್ಳಿ, ಮೊದಲು ಹಾಳೆಯಲ್ಲಿ ಶುದ್ಧವಾಗಿ ನಕಲು ಮಾಡಿ. ಉತ್ತರ ಇಲ್ಲಿ ಅಚ್ಚು ಮಾಡಿಲ್ಲ. ಏಳು ಸಲ ಕುದುರೆ ಓಡಿಸಿದರೆ ಅದು ನಿಮ್ಮದು.